ಎರಡು ಗಾಲಿಯ ಲೆಕ್ಕ

ನಮ್ಮ ಅಂಕೋಲೆ ಸೀಮೆಯಲ್ಲಿ ಜೀಪಿಗೆ ಇರುವ ಮರ್ಯಾದೆ ಕಾರಿಗೆ ಇಲ್ಲ. ಅಂಗಳಕ್ಕೆ ಕಾರು ಬಂದರೆ ಯಾರೋ ನೆಂಟರು ಬಂದರು ಎಂದುಕೊಳ್ಳುತ್ತೇವೆ. ಮಳೆಗಾಲದ ರಾತ್ರಿ ಜೀಪಿನ ಸದ್ದು ಕೇಳಿದರೆ ಮಾತ್ರ ಆಚೀಚೆ ಮನೆಯವರೆಲ್ಲ ಎದ್ದು ದೀಪ ಹಚ್ಚಿ, ‘ಯಾರ ಮನೆಗೆ? ಏನಾಯ್ತು?’ ಎಂದು ಜಗಲಿಗೆ ಬರುತ್ತಾರೆ. ಘಟ್ಟದ ಬುಡದ ಊರುಗಳಾದ ಹಿಲ್ಲೂರು, ಅಚವೆ, ಡೋಂಗ್ರಿ, ಸುಂಕಸಾಳದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀಪಿನ ವಿಷಯ ಬಂದರೆ ಮಾತಾಡುವವರು ಗಂಡಸರು. ಆದರೆ ಹೆರಿಗೆಗೆ, ಜ್ವರದ ಮಗುವಿಗೆ, ಹಾವು ಕಚ್ಚಿದ ಕಾಲಿಗೆ ಅದರ ಹಿಂದಿನ ಸೀಟಿನಲ್ಲಿ ಕೂತು ಹೋದವರು ಹೆಚ್ಚಿನಂಶ ನಾವೇ. ಹಾಗಾಗಿ ಅದರ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗೂ ಇದೆಯೆಂದು ಭಾವಿಸಿದ್ದೇನೆ.

ಇತ್ತೀಚೆಗೆ ನನ್ನ ಅಣ್ಣನ ಮಗ ತನ್ನ ಹಳೆಯ ಜೀಪಿಗೆ ಕರೆಂಟಿನಿಂದ ಕೆಲಸ ಮಾಡುವ ‘ಡಿಫರೆನ್ಷಿಯಲ್ ಲಾಕ್’ ಹಾಕಿಸಿದ. ವೈರಿಂಗ್ ಎಲ್ಲ ತಾನೇ ಮಾಡಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಯಾವ ವಸ್ತುವನ್ನು ಕಂಡರೂ ಇದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೇಳುವ ಚಟ ನಿವೃತ್ತಿಯಾದ ಮೇಲೂ ಹೋಗಿಲ್ಲ. ಅವನು ಜೀಪಿನಡಿ ಮಲಗಿ ವೈರು ಎಳೆಯುತ್ತಿದ್ದರೆ ನಾನು ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತೆ. ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ರಸ್ತೆಗಳ ಮಾತು. ಉತ್ತರ ಕನ್ನಡ ಜಿಲ್ಲೆ 1862ರ ತನಕ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಇದು ನಮ್ಮ ಹಿರಿಯರ ಮೇಲಿನ ಪ್ರೀತಿಯಿಂದ ಆದದ್ದಲ್ಲ. ಹುಬ್ಬಳ್ಳಿ ಧಾರವಾಡ ಸೀಮೆಯ ಹತ್ತಿ ಬೇಗ ಕಡಲಿಗೆ ಇಳಿಯಬೇಕು, ಕಾರವಾರದಲ್ಲಿ ಒಳ್ಳೆಯ ಬಂದರು ಆಗಬೇಕು ಎಂದು ವಿಲಾಯತಿ ಗಿರಣಿಯವರು ಹಟ ಹಿಡಿದಿದ್ದರು. ಆಗ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿನ ಹತ್ತಿ ನಿಂತುಹೋಗಿ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಪಕ್ಕದ ಕುಮಟೆಯ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಹತ್ತಿಯ ಜಾತಿಗೇ ಅಂಟಿಕೊಂಡದ್ದು ಹೀಗೆ. ಅರಬೈಲು, ದೇವಿಮನೆ, ಕೈಗಾ ಘಟ್ಟಗಳ ದಾರಿಗಳಲ್ಲಿ ಹತ್ತಿಯ ಅಂಡಿಗೆ ಹೊತ್ತ ಗಾಡಿಗಳು ಇಳಿದವು. ಉಪ್ಪು, ತೆಂಗಿನಕಾಯಿ, ಒಣಮೀನು ಹೊತ್ತು ಮತ್ತೆ ಹತ್ತಿದವು. ಮುಂದೆ 1880ರ ದಶಕದಲ್ಲಿ ರೈಲು ಕಾರವಾರವನ್ನು ಬಿಟ್ಟು ಗೋವೆಯ ಮಾರ್ಮಗೋವೆಗೆ ಹೋಯಿತು. ವ್ಯಾಪಾರವೂ ಅದರ ಹಿಂದೆ ಹೋಯಿತು. ನಮಗೆ ಉಳಿದದ್ದು ಘಟ್ಟದ ರಸ್ತೆ, ಹೊಳೆಗಳಿಗೆ ತಾರಿ ದೋಣಿ, ಕಾರವಾರದಿಂದ ಮುಂಬಯಿಗೆ ಹೋಗುವ ಸ್ಟೀಮರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಬರಬೇಕಾದ ರೈಲನ್ನು ನನ್ನ ಅಜ್ಜ ಕಾದ, ಅಪ್ಪ ಕಾದ, ಈಗ ನಾನು ಕಾಯುತ್ತಿದ್ದೇನೆ.

ಆ ಎತ್ತಿನ ಗಾಡಿಗಳಲ್ಲಿ ಒಂದು ವಿಶೇಷವಿತ್ತು. ಗಾಡಿಯ ಅಚ್ಚು ತಿರುಗುವುದಿಲ್ಲ, ಅದಕ್ಕೆ ಪೋಣಿಸಿದ ಗಾಲಿಗಳು ಮಾತ್ರ ತಿರುಗುತ್ತವೆ. ಎಡಗಾಲಿಯ ಪಾಡು ಎಡಗಾಲಿಗೆ, ಬಲಗಾಲಿಯ ಪಾಡು ಬಲಗಾಲಿಗೆ. ಎಳೆಯುವುದು ಎತ್ತು, ಆದ್ದರಿಂದ ಗಾಲಿಗೆ ಉರುಳುವುದೊಂದೇ ಕೆಲಸ. ತೊಂದರೆ ಹುಟ್ಟಿದ್ದು ಎತ್ತನ್ನು ಬಿಡಿಸಿ ಗಾಲಿಯನ್ನೇ ಯಂತ್ರದಿಂದ ತಿರುಗಿಸಬೇಕು ಎಂದು ಮನುಷ್ಯ ಹೊರಟಾಗ.

ತೊಂದರೆ ಏನೆಂದು ಹೇಳುತ್ತೇನೆ. ಅಕ್ಕ ತಂಗಿ ಇಬ್ಬರು ಕೈ ಹಿಡಿದುಕೊಂಡು ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಾರೆ ಎಂದುಕೊಳ್ಳಿ. ಕಟ್ಟೆಯ ಕಡೆ ಇದ್ದವಳಿಗೆ ಎಂಟು ಹೆಜ್ಜೆ ಸಾಕು. ಹೊರಗಿದ್ದವಳು ಹದಿನಾಲ್ಕು ಹೆಜ್ಜೆ ಹಾಕಿದರೆ ಮಾತ್ರ ಜೊತೆಗೆ ಬರುತ್ತಾಳೆ. ವಾಹನ ತಿರುವು ತೆಗೆದುಕೊಳ್ಳುವಾಗ ಎರಡು ಹಿಂದಿನ ಗಾಲಿಗಳ ಸ್ಥಿತಿ ಇದೇ. ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಕಬ್ಬಿಣದ ಸಲಾಕೆಗೆ ಬಿಗಿದು ಯಂತ್ರದಿಂದ ತಿರುಗಿಸಿದರೆ ಒಂದು ಗಾಲಿ ನೆಲವನ್ನು ಉಜ್ಜುತ್ತಲೇ ಹೋಗಬೇಕಾಗುತ್ತದೆ. ಶಾಲೆಯ ಆಟೋಟದಲ್ಲಿ ಇಬ್ಬರ ಒಂದೊಂದು ಕಾಲನ್ನು ಕಟ್ಟಿ ಓಡಿಸುವ ಮೂರು ಕಾಲಿನ ಓಟ ನೆನಪಿದೆಯಲ್ಲ? ನೇರ ಓಡುವಾಗ ಪರವಾಗಿಲ್ಲ, ತಿರುಗಬೇಕಾದಲ್ಲಿ ಎಲ್ಲರೂ ಬೀಳುತ್ತಾರೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಡಿಫರೆನ್ಷಿಯಲ್. ಜೀಪಿನ ಹಿಂದೆ, ಎರಡು ಗಾಲಿಗಳ ನಡುವೆ ಅಚ್ಚಿನಲ್ಲಿ ಗಡಿಗೆಯಂತೆ ಉಬ್ಬಿದ ಭಾಗವಿದೆಯಲ್ಲ, ಅದರೊಳಗಿನ ಹಲ್ಲುಚಕ್ರಗಳ ಕೂಟ. ನಮ್ಮ ಗ್ಯಾರೇಜಿನವರ ಬಾಯಲ್ಲಿ ಅದು ‘ಡಿಪ್ರೆನ್ಸಲ್’. ಎಂಜಿನಿನಿಂದ ಬಂದ ಬಲವನ್ನು ಅದು ಎರಡು ಗಾಲಿಗೂ ಹಂಚುತ್ತದೆ. ಒಂದು ಬೇಗ ತಿರುಗಿದರೆ ಇನ್ನೊಂದು ಅಷ್ಟೇ ನಿಧಾನ ತಿರುಗಲು ಬಿಡುತ್ತದೆ. ಉಗಿಯಿಂದ ಓಡುವ ಗಾಡಿಗೆಂದು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1827ರಲ್ಲಿಯೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ.

ಆದರೆ ಹೆಂಗಸರಾದ ನಮಗೆ ಹೆಚ್ಚು ಹತ್ತಿರವಾಗುವವನು ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ. ಈತ ಮೂಲತಃ ಹೊಲಿಗೆ ಯಂತ್ರದ ಕುಶಲಕರ್ಮಿ. ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿದ್ದವನು ಸೈಕಲ್ಲಿಗೆ ಕೈಹಾಕಿದ. ಉದ್ದನೆಯ ಲಂಗ ತೊಟ್ಟ ಹೆಂಗಸರು ಆಗಿನ ಎತ್ತರದ ಸೈಕಲ್ಲನ್ನು ಹತ್ತುವಂತಿರಲಿಲ್ಲ. ಅವರು ಕೂತು ತುಳಿಯಬಹುದಾದ ಮೂರು ಗಾಲಿಯ ಬಂಡಿಗಳಿಗೆ ಬೇಡಿಕೆ ಬಂತು. ಸ್ಟಾರ್ಲಿ ಒಮ್ಮೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರೂ ತುಳಿಯುವ ಬಂಡಿಯಲ್ಲಿ ಹೋಗುತ್ತಿದ್ದನಂತೆ. ಒಬ್ಬೊಬ್ಬರು ತುಳಿದದ್ದು ಒಂದೊಂದು ಕಡೆಯ ಗಾಲಿಗೆ. ಮಗನ ಕಾಲಿನ ಕಸುವು ಹೆಚ್ಚಾಗಿ ಬಂಡಿ ಒಂದೇ ಕಡೆಗೆ ಎಳೆದು, ಅಪ್ಪ ರಸ್ತೆಬದಿಯ ತುರಿಕೆಗಿಡಗಳ ಮೇಲೆ ಬಿದ್ದನಂತೆ. ಅಲ್ಲಿಯೇ ಕೂತು ಡಿಫರೆನ್ಷಿಯಲ್ಲಿನ ಉಪಾಯ ಹೊಳೆಸಿಕೊಂಡ ಎಂದು ಕತೆ ಹೇಳುತ್ತಾರೆ. ತುರಿಸಿಕೊಳ್ಳುತ್ತ ಅಷ್ಟು ಯೋಚನೆ ಮಾಡಲು ಆಗುತ್ತದೆಯೋ ಎಂದು ನನಗೆ ಅನುಮಾನ. ಅದೇನೇ ಇರಲಿ, 1877ರಲ್ಲಿ ಅವನ ಮೂರು ಗಾಲಿಯ ಸೈಕಲ್ಲಿಗೆ ಡಿಫರೆನ್ಷಿಯಲ್ ಬಂದದ್ದು ನಿಜ. ವಿಕ್ಟೋರಿಯಾ ರಾಣಿ ಐಲ್ ಆಫ್ ವೈಟ್ ದ್ವೀಪದಲ್ಲಿ ಹೆಣ್ಣುಮಗಳೊಬ್ಬಳು ಈ ಬಂಡಿಯನ್ನು ತುಳಿದುಕೊಂಡು ಹೋಗುವುದನ್ನು ಕಂಡು, 1881ರಲ್ಲಿ ತನಗೂ ಎರಡು ತರಿಸಿಕೊಂಡಳು. ಮೋಟಾರಿಗೆ ಬರುವ ಮೊದಲೇ ಈ ಹಲ್ಲುಚಕ್ರಗಳು ಹೆಂಗಸರನ್ನು ತಿರುವಿನಲ್ಲಿ ಬೀಳದಂತೆ ಕಾದಿದ್ದವು.

ಇನ್ನು ಜೀಪು. ಅದು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ 1945ರವರೆಗೆ ಅಮೆರಿಕೆಯ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಅದು ರೈತನ ವಾಹನವಾಯಿತು. ನಮ್ಮ ದೇಶದಲ್ಲಿ 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದರು. ನಾವು 1956ರ ತನಕ ಮುಂಬಯಿ ರಾಜ್ಯದವರೇ. ಸ್ಟೀಮರು, ಅಂಚೆ, ದೊಡ್ಡ ಆಸ್ಪತ್ರೆ, ಮನೆ ಬಿಟ್ಟು ಓಡಿಹೋಗುವ ಹುಡುಗರು ಎಲ್ಲಕ್ಕೂ ಮುಂಬಯಿಯೇ ದಿಕ್ಕು. (ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೆಸರಾದದ್ದೂ ಜೀಪಿನದೇ, 1948ರದು. ಸೈನ್ಯಕ್ಕೆ ತರಿಸಿದ ಹಳೆಯ ಜೀಪುಗಳು ಬಂದದ್ದೇ ಕಡಿಮೆ, ಬಂದವೂ ಓಡುವಂತಿರಲಿಲ್ಲ.)

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗಳಿಗೆ ಸರಕಾರ ಬಂದದ್ದು ಜೀಪಿನಲ್ಲಿ ಕೂತೇ. ಬಿ.ಡಿ.ಓ. ಜೀಪು, ದೇವಿ ಹಾಕುವವರ ಜೀಪು, ಕುಟುಂಬ ಯೋಜನೆಯ ಜೀಪು, ಚುನಾವಣೆಯ ಜೀಪು. ಮಲೇರಿಯಾದ ಮಾತಂತೂ ನಮ್ಮ ಜಿಲ್ಲೆಯಲ್ಲಿ ಬೇರೆಯೇ. ಘಟ್ಟದ ಚಳಿಜ್ವರಕ್ಕೆ ಹೆದರಿ ಹೆಣ್ಣು ಕೊಡದಿದ್ದ ಕಾಲವಿತ್ತು. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳ್ತನದಲ್ಲಿ ಆಗಿನ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಸಿದರು. ಹಳ್ಳಿಗಾಡಿನ ಮಲೇರಿಯಾ ತಡೆಯಲು ದೇಶದಲ್ಲಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಡಿ.ಡಿ.ಟಿ.ಯ ವಾಸನೆ ಮತ್ತು ಜೀಪಿನ ವಾಸನೆ ಎರಡೂ ನನ್ನ ಅಜ್ಜಿಯ ನೆನಪಿನಲ್ಲಿ ಒಂದೇ ಆಗಿದ್ದವು. ಜೀಪು ಬಂದರೆ ಅವಳು ಮಡಿಬಟ್ಟೆಯನ್ನು ಒಳಗೆ ತೆಗೆದಿಡುತ್ತಿದ್ದಳು.

ನಾನು ಶಾಲೆಗೆ ಸೇರುವ ಹೊತ್ತಿಗೆ ಅಡಿಕೆ ತೋಟದ ಸಾಹುಕಾರರ ಮನೆಗಳಿಗೂ ಜೀಪು ಬಂದಿತ್ತು. ಒಂದು ಊರಿಗೆ ಒಂದು ಜೀಪು, ಅದೇ ಊರಿನ ಆಂಬುಲೆನ್ಸ್. ಹಣ ಕೇಳುತ್ತಿರಲಿಲ್ಲ, ಡೀಸೆಲ್ಲಿಗೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ‘ಫೋರ್ ಬೈ ಫೋರ್’ ಎಂದು ಅದರ ಮೈಮೇಲೆ ಬರೆದಿರುತ್ತಿತ್ತು. ನಾಲ್ಕು ಗಾಲಿಗೂ ಎಂಜಿನಿನ ಬಲ ಹೋಗುತ್ತದೆ ಎಂದು ಅದರ ಅರ್ಥ. ಆ ಬರಹವನ್ನು ನಾವೆಲ್ಲ ದೇವರ ಫೋಟೋದಂತೆ ನಂಬಿದ್ದೆವು.

ಅದರಲ್ಲಿ ಒಂದು ಮರ್ಮವಿದೆ ಎಂದು ತಿಳಿದದ್ದು ಕೆಸರಿನಲ್ಲಿ. ಡಿಫರೆನ್ಷಿಯಲ್ ಎರಡು ಗಾಲಿಗೂ ಸಮ ಬಲ ಹಂಚುತ್ತದೆ ಎಂದೆನಲ್ಲ, ಆ ಸಮಪಾಲೇ ಇಲ್ಲಿ ತೊಡಕು. ಒಂದು ಗಾಲಿ ಗಟ್ಟಿ ಜಂಬಿಟ್ಟಿಗೆ ಕಲ್ಲಿನ ಮೇಲಿದೆ, ಇನ್ನೊಂದು ಕೆಸರಿನಲ್ಲಿ ತೇಲುತ್ತಿದೆ ಎಂದುಕೊಳ್ಳಿ. ತೇಲುವ ಗಾಲಿಯನ್ನು ತಿರುಗಿಸಲು ಬಲವೇ ಬೇಡ, ಬೆರಳಲ್ಲಿ ನೂಕಿದರೂ ತಿರುಗೀತು. ಅದಕ್ಕೆ ಸಿಕ್ಕಿದ ಆ ಚೂರು ಬಲದಷ್ಟೇ ಕಲ್ಲಿನ ಮೇಲಿನ ಗಾಲಿಗೂ ಸಿಗುವುದು. ಅಷ್ಟರಿಂದ ಜೀಪು ಅಲುಗುವುದಿಲ್ಲ. ಎಂಜಿನ್ ಎಷ್ಟು ಬೊಬ್ಬೆ ಹಾಕಿದರೂ ಕೆಸರಿನ ಗಾಲಿ ಗರಗರ ತಿರುಗುತ್ತದೆ, ಗಟ್ಟಿ ನೆಲ ಸಿಕ್ಕಿದ ಗಾಲಿ ಸುಮ್ಮನೆ ನಿಲ್ಲುತ್ತದೆ. ಮುಂದಿನ ಅಚ್ಚಿನಲ್ಲೂ ಹೀಗೇ ಇನ್ನೊಂದು. ಹೀಗಾಗಿ ಕೆಟ್ಟ ಜಾಗದಲ್ಲಿ ನಾಲ್ಕು ಗಾಲಿಯ ಜೀಪಿನಲ್ಲಿ ತಿರುಗುವುದು ಎರಡೇ ಗಾಲಿ, ಅದೂ ಕೆಲಸಕ್ಕೆ ಬಾರದ ಎರಡು.

ನಮ್ಮ ಕಡೆಯ ಡ್ರೈವರುಗಳು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ತಿರುಗುವ ಗಾಲಿಯಡಿ ಸೊಪ್ಪು, ತೆಂಗಿನ ಮಡಲು, ಗೋಣಿಚೀಲ ತುಂಬುವುದು ಒಂದು. ಇನ್ನೊಂದು, ಆ ಗಾಲಿಯ ಮೇಲೆ ಭಾರ ಹಾಕುವುದು. ‘ಅಕ್ಕೋರೆ, ನೀವೂ ಆ ದೊಡ್ಡಮ್ಮನೂ ಎಡಗಡೆ ಹಿಂದೆ ಬಂದು ನಿಂತ್ಕಳಿ’ ಎಂದು ಡ್ರೈವರ್ ಹೇಳಿದರೆ, ನಾವು ಸೀರೆ ಎತ್ತಿ ಸಿಕ್ಕಿಸಿ, ಹಿಂದಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಲ್ಲುತ್ತಿದ್ದೆವು. ಗಾಲಿ ಕೆಸರಿನಡಿಯ ಗಟ್ಟಿನೆಲಕ್ಕೆ ತಾಗಿ ಹಿಡಿತ ಸಿಕ್ಕಿ ಜೀಪು ಒಮ್ಮೆಲೇ ಮುಂದೆ ನೆಗೆಯುತ್ತಿತ್ತು. ಮೈಯೆಲ್ಲ ಕೆಂಪು ಕೆಸರು. ತೂಕ ಹೆಚ್ಚಿದ್ದವರಿಗೆ ಆ ಹೊತ್ತಿನಲ್ಲಿ ಸಿಗುತ್ತಿದ್ದ ಗೌರವ ಇನ್ನೆಲ್ಲೂ ಸಿಕ್ಕಿದ್ದಿಲ್ಲ.

ಎಲ್ಲ ಸಲ ಹೀಗೆ ನಗುತ್ತ ಮುಗಿಯಲಿಲ್ಲ. 1989ರ ಆಷಾಢದಲ್ಲಿ ನನ್ನ ಅತ್ತಿಗೆಗೆ ಎಂಟು ತಿಂಗಳಿಗೇ ನೋವು ಕಾಣಿಸಿಕೊಂಡಿತು. ಮೇಲಿನ ಊರು, ರಾತ್ರಿ ಹನ್ನೊಂದು, ಮಳೆ ಕೈಯಲ್ಲಿ ಹಿಡಿದಂತೆ ಸುರಿಯುತ್ತಿತ್ತು. ತೋಟದವರ ಜೀಪು ಬಂತು. ಅತ್ತಿಗೆಯನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಹಳ್ಳ ದಾಟಿ ಏರು ಹತ್ತುವಲ್ಲಿ ಎಡಬದಿ ಕುಸಿದಿತ್ತು. ಹಿಂದಿನ ಎಡಗಾಲಿ ಕುಸಿದಲ್ಲಿ ಇಳಿದು ತೇಲಿತು. ಮುಂದಿನದೊಂದು ಕೆಸರಿನಲ್ಲಿ ತಿರುಗಿತು. ಬ್ಯಾಟರಿ ಬೆಳಕಿನಲ್ಲಿ ನಾನು ಕಂಡದ್ದು ಹಿಂದಿನ ಬಲಗಾಲಿ. ಹಾಸುಬಂಡೆಯ ಮೇಲೆ, ತೊಳೆದು ಇಟ್ಟಂತೆ, ಒಂದು ಅಂಗುಲವೂ ತಿರುಗದೆ ನಿಂತಿತ್ತು. ಸೊಪ್ಪು ಹಾಕಿದರು, ಕಲ್ಲು ಹಾಕಿದರು. ಭಾರ ಹಾಕಲು ಆ ಬದಿಯಲ್ಲಿ ನಿಂತರೆ ನೆಲ ಇನ್ನಷ್ಟು ಜರಿಯಿತು. ಮುಕ್ಕಾಲು ಗಂಟೆಯ ಮೇಲೆ ಅಣ್ಣ, ‘ಇನ್ನು ಆಗ’ ಎಂದ. ಕಂಬಳಿಯ ಜೋಲಿ ಕಟ್ಟಿ, ಬಿದಿರಿನ ಗಳುವಿಗೆ ಹಾಕಿ, ನಾಲ್ವರು ಹೊತ್ತು ಹೆದ್ದಾರಿಯವರೆಗೆ ನಡೆದರು. ಅಲ್ಲಿಂದ ಒಂದು ಲಾರಿ. ಆಸ್ಪತ್ರೆ ಮುಟ್ಟುವಾಗ ಬೆಳಗಿನ ಜಾವ. ಅತ್ತಿಗೆ ಉಳಿದಳು. ಹೆಣ್ಣುಮಗು, ಉಳಿಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅಣ್ಣ ಕೇಳಿದ್ದಕ್ಕೆ ಡಾಕ್ಟರರು, ಹಾಗೆ ಹೇಳಲಾಗದು ಎಂದರು. ಅದು ನಿಜವಾದ ಉತ್ತರವೇ ಇರಬೇಕು. ಅತ್ತಿಗೆ ಇಂದಿಗೂ ಆ ಏರು ಬಂದರೆ ಮಾತು ನಿಲ್ಲಿಸುತ್ತಾಳೆ.

ಜೋಲಿ ಆ ಕಾಲಕ್ಕೇ ಮುಗಿದುಹೋದ ವಸ್ತುವಲ್ಲ. ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ 2008ರ ನವೆಂಬರಿನಲ್ಲಿ ಬಂತು, ಬಹಳ ಉಪಕಾರವಾಯಿತು. ಆದರೆ ಅದು ಬರುವುದು ಟಾರು ಇರುವ ತನಕ. ಅದರಿಂದ ಮೇಲಿನ ಮನೆಗಳಿಗೆ ಜೀಪು, ಜೀಪೂ ಹೋಗದಲ್ಲಿ ಮತ್ತೆ ಕಂಬಳಿ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿ ಎಷ್ಟೋ ವರ್ಷಗಳಾದರೂ ಹೆಚ್ಚಿನ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವೆ ಎಂದು ಓಡುವುದು ತಪ್ಪಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದಾಗ ಹೆಂಗಸರ ಸಾಲು ಸಣ್ಣದಿರಲಿಲ್ಲ.

ಅಣ್ಣನಿಗೆ ಮೂರು ವರ್ಷದ ಮೇಲೆ ಹುಟ್ಟಿದವನೇ ಈಗ ಲಾಕ್ ಹಾಕಿಸಿದ ಹುಡುಗ. ಹುಡುಗ ಎಂದೆ, ಮೂವತ್ತು ದಾಟಿದೆ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದು ಇಲ್ಲಿಯೇ ಇದ್ದಾನೆ. ತೋಟದವರು ಮಾರಿದ ಹಳೆಯ ಜೀಪನ್ನು ಕೊಂಡು, ಗೇರುಬೀಜ, ಅಡಿಕೆ, ಗೊಬ್ಬರ, ಕಾಯಿಲೆಯವರು ಎಲ್ಲರನ್ನೂ ಸಾಗಿಸುತ್ತಾನೆ. ಅಕ್ಕನ ವಿಷಯ ಅವನಿಗೆ ಗೊತ್ತಿದೆ. ಅದಕ್ಕಾಗಿಯೇ ಲಾಕ್ ಹಾಕಿಸಿದೆಯಾ ಎಂದು ನಾನು ಕೇಳಿಲ್ಲ, ಅವನು ಹೇಳಿಲ್ಲ.

ಲಾಕ್ ಎಂದರೆ ಇಷ್ಟೇ. ಬೇಕೆಂದಾಗ ಡಿಫರೆನ್ಷಿಯಲ್ಲಿನ ಆಟವನ್ನು ನಿಲ್ಲಿಸಿ, ಎರಡು ಗಾಲಿಗಳನ್ನೂ ಒಂದೇ ಸಲಾಕೆಗೆ ಕಟ್ಟಿದಂತೆ ಮಾಡುವುದು. ಯಾವ ಮೂರು ಕಾಲಿನ ಓಟವನ್ನು ತಪ್ಪಿಸಲು ಪೆಕ್ಯೂರ್, ಸ್ಟಾರ್ಲಿ ಅಷ್ಟು ಒದ್ದಾಡಿದರೋ ಅದನ್ನೇ ಹತ್ತು ಮಾರಿನ ಕೆಸರಿನಲ್ಲಿ ಮತ್ತೆ ಬೇಡಿ ತರುವುದು. ಆಗ ತೇಲುವ ಗಾಲಿ ಒಂಟಿಯಾಗಿ ತಿರುಗುವಂತಿಲ್ಲ. ತಿರುಗಿದರೆ ಬಂಡೆಯ ಮೇಲಿನದನ್ನೂ ಕರೆದುಕೊಂಡೇ ತಿರುಗಬೇಕು. ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಹೊಸದಲ್ಲ, ಅದರಲ್ಲಿ ಕಾಲಿನಿಂದ ಒತ್ತುವ ಪೆಡಲ್ಲೇ ಇರುತ್ತದೆ. ಕೆಲವು ವಾಹನಗಳಲ್ಲಿ ಕೈಯಲ್ಲಿ ಎಳೆಯುವ ಲಿವರ್ ಇದೆ, ನಮ್ಮ ದೇಶದ ಗೂರ್ಖಾ ಜೀಪಿನಲ್ಲಿ ಹಾಗೆ ಬಂದಿತ್ತು. ಆಸ್ಟ್ರೇಲಿಯದ ಕಡೆ ಗಾಳಿಯ ಒತ್ತಡದಿಂದ ಲಾಕ್ ಮಾಡುವುದು ಹೆಚ್ಚು. ಇವನು ತರಿಸಿದ್ದು ಕರೆಂಟಿನದು. ಡಿಫರೆನ್ಷಿಯಲ್ಲಿನ ಪಕ್ಕಕ್ಕೆ ತಂತಿ ಸುತ್ತಿದ ಬಳೆಯಂಥ ಸುರುಳಿಯೊಂದಿರುತ್ತದೆ. ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಒಂದು ತಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ. ಒಳಗಿನ ಪಿನ್ನುಗಳು ಜಾರಿ ಬಂದು ಹಲ್ಲುಚಕ್ರವನ್ನು ಕಚ್ಚಿಕೊಳ್ಳುತ್ತವೆ. ಕರೆಂಟು ನಿಂತರೆ ಸ್ಪ್ರಿಂಗು ಅವನ್ನು ಹಿಂದೆ ತಳ್ಳುತ್ತದೆ. ಅಂದರೆ ಕೆಸರಿನ ನಡುವೆ ಒಂದು ವೈರು ಕಡಿದರೆ ಲಾಕ್ ಬಿಟ್ಟಿತು. ಎಲ್ಲವೂ ನಿಂತಿರುವುದು ವೈರಿಂಗ್ ಮೇಲೆ.

ಅದಕ್ಕೇ ಅವನು ಅಚ್ಚು ಬಿಚ್ಚಿ ಲಾಕ್ ಕೂರಿಸುವ ಕೆಲಸವನ್ನು ಹುಬ್ಬಳ್ಳಿಯಲ್ಲಿ ತನ್ನ ಗುರುವಿನ ಕೈಯಲ್ಲಿ ಮಾಡಿಸಿ, ವೈರಿಂಗನ್ನು ಮಾತ್ರ ಊರಿಗೆ ಬಂದು, ಎರಡು ದಿನ ತೆಗೆದುಕೊಂಡು, ನಿಧಾನಕ್ಕೆ ಮಾಡಿದ. ಜೊತೆಗೆ ಪೇಟೆಯ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು.

ಬ್ಯಾಟರಿಯಿಂದ ಹೊರಟ ಕೆಂಪು ವೈರಿಗೆ ಗೇಣು ದೂರದೊಳಗೇ ಫ್ಯೂಸು. ಅಷ್ಟು ಹತ್ತಿರ ಯಾಕೆ ಎಂದು ಕೇಳಿದೆ. ‘ಫ್ಯೂಸಿನ ಹಿಂದಿನ ವೈರಿಗೆ ಕಾವಲು ಇಲ್ಲ, ಅತ್ತೆ. ಅದು ಚಾಸಿಗೆ ಉಜ್ಜಿ ಮೈ ಬಿಟ್ಟರೆ ಬೆಂಕಿಯೇ’ ಎಂದ. ಅಲ್ಲಿಂದ ರಿಲೇ ಎಂಬ ಸಣ್ಣ ಡಬ್ಬಿ. ನಮ್ಮ ಹಳೆಯ ಮನೆಗಳಲ್ಲಿ ಅಜ್ಜಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕಣ್ಣಲ್ಲಿ ಸನ್ನೆ ಮಾಡುವುದು, ಒಳಗೆ ಹಂಡೆ ಇಳಿಸುವವರು ಬೇರೆಯವರು, ಹಾಗಿದು. ಡ್ರೈವರಿನ ಮುಂದಿನ ಸ್ವಿಚ್ಚಿನಿಂದ ತೆಳು ವೈರಿನಲ್ಲಿ ಸಣ್ಣ ಕರೆಂಟು ಬಂದು ರಿಲೇಯನ್ನು ಎಬ್ಬಿಸುತ್ತದೆ. ಸುರುಳಿಗೆ ಬೇಕಾದ ದೊಡ್ಡ ಕರೆಂಟನ್ನು ರಿಲೇ ದಪ್ಪ ವೈರಿನಲ್ಲಿ ಬ್ಯಾಟರಿಯಿಂದಲೇ ಕಳಿಸುತ್ತದೆ. ಭಾರವೆಲ್ಲ ಸ್ವಿಚ್ಚಿನ ಮೇಲೆ ಬಿದ್ದರೆ ಒಂದು ಮಳೆಗಾಲದಲ್ಲಿ ಅದು ಕರಗಿಹೋದೀತು.

ಸ್ವಿಚ್ಚಿಗೆ ಬರುವ ಕರೆಂಟನ್ನೂ ಅವನು ನೇರವಾಗಿ ಕೊಡಲಿಲ್ಲ. ಜೀಪಿನ ಸಣ್ಣ ಲಿವರನ್ನು ‘ಲೋ’ಗೆ ಹಾಕಿದಾಗ ಮಾತ್ರ ಕರೆಂಟು ಸಿಗುವಂತೆ ಮಾಡಿದ. ಟಾರು ರಸ್ತೆಯಲ್ಲಿ ಜೋರಾಗಿ ಹೋಗುವಾಗ ಯಾರಾದರೂ ತಿಳಿಯದೆ ಗುಂಡಿ ಒತ್ತಿದರೆ ಜೀಪು ತಿರುವಿನಲ್ಲಿ ತಿರುಗದೆ ನೇರ ನುಗ್ಗಲು ನೋಡುತ್ತದೆ, ಟಾಯರು ಸವೆಯುತ್ತದೆ, ಅಚ್ಚು ಮುರಿದರೂ ಮುರಿಯಿತು. ಮಕ್ಕಳು ಹತ್ತುವ ಗಾಡಿಯಲ್ಲಿ ಮೂರು ಕಾಲಿನ ಓಟವನ್ನು ಹೀಗೆ ಬೀಗದೊಳಗೇ ಇಡಬೇಕು.

ಅಲ್ಲಿಂದ ವೈರು ಚಾಸಿನ ಒಳಮಗ್ಗುಲಲ್ಲಿ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ, ಸೈಲೆನ್ಸರಿನ ಬಿಸಿಗೆ ದೂರವಾಗಿ ಹಿಂದಕ್ಕೆ ಹೋಯಿತು. ಅಚ್ಚಿನ ಹತ್ತಿರ ಮಾತ್ರ ಜಡೆಯ ಕುಚ್ಚಿನಂತೆ ಸಡಿಲ ಬಿಟ್ಟ. ಕೊರಕಲಿನಲ್ಲಿ ಅಚ್ಚು ಒಂದು ಕಡೆ ಮೊಳದಷ್ಟು ಕೆಳಗೆ ಜೋತುಬೀಳುತ್ತದೆ. ಬಿಗಿಯಾಗಿ ಕಟ್ಟಿದ ವೈರು, ಬೇಕಾದ ಹೊತ್ತಿನಲ್ಲೇ ಸರಿಯಾಗಿ ಕಡಿಯುತ್ತದೆ.

ಕೊನೆಗೆ ಬಂದದ್ದು ನಮ್ಮ ಊರಿನದೇ ಆದ ಸಮಸ್ಯೆ, ಉಪ್ಪು. ಅಂಕೋಲೆಯ ಹೆಸರು ಕರ್ನಾಟಕದ ಇತಿಹಾಸದಲ್ಲಿ ಉಳಿದಿರುವುದೇ ಉಪ್ಪಿನಿಂದ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಕಾಯಿದೆ ಮುರಿದು ಉಪ್ಪು ಮಾಡಿದರು. ಎಷ್ಟು ವರ್ಷ ಮಕ್ಕಳ ಕೈಯಲ್ಲಿ ಆ ತಾರೀಕನ್ನು ಬಾಯಿಪಾಠ ಮಾಡಿಸಿದ್ದೇನೋ! ಅದೇ ಉಪ್ಪು ಗಾಳಿಯಲ್ಲಿ ಬಂದು ತಗಡು ತಿನ್ನುತ್ತದೆ, ಕಿಟಕಿಯ ಸರಳು ತಿನ್ನುತ್ತದೆ, ವೈರಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಪೂಜೆಯ ತಂಬಿಗೆಯ ಕಿಲುಬಿಗೆ ನಮ್ಮ ಹತ್ತಿರ ಹುಣಸೆಹಣ್ಣು ಉಂಟು. ವೈರಿಗೆ ಅದು ಬೇಡ, ಉಳಿದ ಹುಳಿ ತಾಮ್ರವನ್ನು ಇನ್ನಷ್ಟು ತಿನ್ನುತ್ತದೆ ಎಂದರು ಎಲೆಕ್ಟ್ರಿಷಿಯನ್. ಕಿಲುಬು ಹಿಡಿದ ಕೂಡುವಿಕೆಯಲ್ಲಿ ಕರೆಂಟು ಸೋರಿಹೋಗುವುದಿಲ್ಲ, ದಣಿಯುತ್ತದೆ. ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್ ಇದ್ದರೂ ಹಿಂದೆ ಮುಟ್ಟುವಾಗ ಅಷ್ಟಿರುವುದಿಲ್ಲ. ಅಯಸ್ಕಾಂತ ಅರೆಮನಸ್ಸಿನಲ್ಲಿ ಹಿಡಿದು ಬಿಡುತ್ತದೆ.

ಸಾಮಾನ್ಯವಾಗಿ ವಾಹನಗಳಲ್ಲಿ ಕರೆಂಟು ಹಿಂದಿರುಗಲು ಬೇರೆ ವೈರು ಹಾಕುವುದಿಲ್ಲ. ಜೀಪಿನ ಕಬ್ಬಿಣದ ಮೈಗೇ ‘ಅರ್ಥ್’ ಕಟ್ಟುತ್ತಾರೆ, ಕೆಲಸ ಉಳಿಯುತ್ತದೆ. ಹುಬ್ಬಳ್ಳಿಯಲ್ಲಿ ಅದು ನಡೆದೀತು. ನಮ್ಮಲ್ಲಿ ಅಚ್ಚಿನ ಬೋಲ್ಟು ಎರಡು ಮಳೆಗಾಲಕ್ಕೆ ತುಕ್ಕಿನ ಉಂಡೆಯಾಗುತ್ತದೆ. ಎಲೆಕ್ಟ್ರಿಷಿಯನ್ ಅಚ್ಚಿಗೇ ಕಟ್ಟೋಣ ಎಂದಾಗ ಇವನು ಒಪ್ಪಲಿಲ್ಲ. ಕಪ್ಪು ವೈರೊಂದನ್ನು ಹಿಂದಿನಿಂದ ಬ್ಯಾಟರಿಯವರೆಗೂ ಎಳೆದು ತಂದ. ಕೂಡಿಸುವ ಕನೆಕ್ಟರನ್ನು ನೀರು ಮುಟ್ಟದಷ್ಟು ಎತ್ತರದಲ್ಲಿ, ರಬ್ಬರಿನ ಮುಚ್ಚಳ ಹಾಕಿ, ಒಳಗೆ ಗ್ರೀಸ್ ತುಂಬಿ ಕಟ್ಟಿದ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ಕಪ್ಪು ವೈರು. ಕಂಪನಿಯ ಪುಸ್ತಕ ಬರೆದವನು ಬೇಲೇಕೇರಿಯ ಗಾಳಿಯನ್ನು ಕಂಡವನಲ್ಲ.

ಸ್ವಿಚ್ಚಿನ ಪಕ್ಕ ಒಂದು ಕೆಂಪು ದೀಪ. ಅದು ಹೊತ್ತಿದರೆ ಲಾಕ್ ಬಿದ್ದಿದೆ ಎಂದೇ ನೋಡಿದವರು ತಿಳಿಯುತ್ತಾರೆ. ಹಾಗಲ್ಲ, ರಿಲೇಯಿಂದ ಕರೆಂಟು ಹೊರಟಿದೆ ಎಂದಷ್ಟೇ ಅದರ ಅರ್ಥ. ಹಿಂದೆ ಮುಟ್ಟಿದೆಯೋ, ಪಿನ್ನು ಕಚ್ಚಿದೆಯೋ ಅದಕ್ಕೆ ಗೊತ್ತಿಲ್ಲ. ಸರಕಾರದ ಮಂಜೂರಾತಿ ಪತ್ರ ಕಂಡವರಿಗೆ ಈ ದೀಪದ ಸ್ವಭಾವ ಚೆನ್ನಾಗಿ ತಿಳಿಯುತ್ತದೆ. ಪರೀಕ್ಷೆಗೆ ಹಿಂದಿನ ಎರಡು ಗಾಲಿಯನ್ನೂ ಜಾಕಿನ ಮೇಲೆ ಎತ್ತಿ, ಗೇರು ತೆಗೆದಿಟ್ಟು, ಒಂದನ್ನು ಕೈಯಲ್ಲಿ ತಿರುಗಿಸಿದ. ಇನ್ನೊಂದು ತಿರುಗುಮುರುಗಾಗಿ ಸುತ್ತಿತು. ‘ಅತ್ತೆ, ಈಗ ಒತ್ತು’ ಎಂದ. ಒತ್ತಿದೆ. ಕೆಳಗೆ ಟಕ್ ಎಂದಿತು. ಮತ್ತೆ ಎಡಗಾಲಿ ತಿರುಗಿಸಿದರೆ ಬಲಗಾಲಿಯೂ ಅದರ ಜೊತೆ ಅದೇ ಕಡೆಗೆ ತಿರುಗಿತು.

ಈಗ ಕಂಪನಿಯಿಂದಲೇ ಇದು ಬರುತ್ತದೆ. 2020ರ ಥಾರ್ ಜೀಪಿನ ಕೆಲವು ಮಾದರಿಗಳಲ್ಲಿ ತಾನಾಗಿ ಬೀಳುವ ಲಾಕ್ ಇತ್ತು. 2024ರ ಥಾರ್ ರಾಕ್ಸಿನ ಫೋರ್ ಬೈ ಫೋರ್‌ನಲ್ಲಿ ಗುಂಡಿ ಒತ್ತುವ ಕರೆಂಟಿನ ಲಾಕ್ ಬಂತು. ಪೇಟೆಯ ಹುಡುಗರು ಕಾರವಾರದ ಕಡಲತೀರಕ್ಕೆ ಹೋಗುವುದಕ್ಕೆ ಅಂಥದೇ ಬೇಕು ಎನ್ನುತ್ತಾರೆ, ಹೋಗಲಿ. ಆದರೆ ಹೆದ್ದಾರಿ ಅಗಲವಾಯಿತು, ಇನ್ನು ಜೀಪು ಯಾಕೆ ಎಂದು ಕೇಳುವವರಿಗೆ ನಾನು ಎರಡು ವರ್ಷ ಮಾತ್ರ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ದಡದ ಊರುಗಳನ್ನು ನುಂಗಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ದಾರಿ ದಿನಗಟ್ಟಲೆ ಮುಚ್ಚಿತು. ಅಂಥ ದಿನಗಳಲ್ಲಿ ಊರೊಳಗಿನ ಮಣ್ಣಿನ ದಾರಿಯೇ ಗತಿ.

ಮಳೆಗಾಲ ಕಳೆದ ಮೇಲೆ ಪ್ರತಿ ದೀಪಾವಳಿಗೆ ಕನೆಕ್ಟರ್ ಬಿಚ್ಚಿ ಒರೆಸಿ, ಹೊಸ ಗ್ರೀಸ್ ಹಾಕಬೇಕು. ಅವನಿಲ್ಲದ ದಿನ ಬೇರೆ ಯಾರಾದರೂ ಬಿಚ್ಚಬೇಕಾಗಿ ಬಂದರೆ? ಅದಕ್ಕೆಂದು ಅವನು ಹೇಳುತ್ತ ಹೋದ ಹಾಗೆ ನಾನು ಪಟ್ಟಿಪುಸ್ತಕದ ಹಾಳೆಯಲ್ಲಿ, ಬಣ್ಣದ ಪೆನ್ಸಿಲಿನಲ್ಲಿ, ವೈರಿಂಗಿನ ನಕ್ಷೆ ಬರೆದುಕೊಟ್ಟೆ. ಎಲ್ಲ ಕನ್ನಡದಲ್ಲಿ. ಪ್ಲಾಸ್ಟಿಕ್ ಹಾಕಿಸಿ ಜೀಪಿನ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ್ದಾನೆ. ಅದರಲ್ಲಿ ಕಪ್ಪು ವೈರಿನ ಎದುರು ‘ಅಚ್ಚಿಗೆ ಕಟ್ಟಬೇಡಿ, ಬ್ಯಾಟರಿಗೇ ತನ್ನಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.